ಹದಿನಾರು ವರ್ಷ ಕಾದ ಕಥೆ

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಆಕ್ಸೆಸ್ ಸಾಫ್ಟ್‌ವೇರ್ ಕಂಪನಿ 1994ರಲ್ಲಿ ‘ಅಂಡರ್ ಎ ಕಿಲ್ಲಿಂಗ್ ಮೂನ್’ ಎಂಬ ವಿಡಿಯೊ ಗೇಮ್ ತಂದಿತು. ನಾಲ್ಕು ಸಿ.ಡಿ.ಗಳ ತುಂಬ ಕಥೆ. ಮೂರನೇ ಮಹಾಯುದ್ಧ ಮುಗಿದ 2042ರ ಸ್ಯಾನ್ ಫ್ರಾನ್ಸಿಸ್ಕೊ. ಅಲ್ಲಿನ ಪತ್ತೇದಾರ ಟೆಕ್ಸ್ ಮರ್ಫಿ ಬರೆದ ಚಿತ್ರವಲ್ಲ, ಕ್ಯಾಮೆರಾ ಮುಂದೆ ನಟಿಸಿದ ಮನುಷ್ಯ. ಗೇಮ್ ರೂಪಿಸಿದವರಲ್ಲೇ ಒಬ್ಬರಾದ ಕ್ರಿಸ್ ಜೋನ್ಸ್ ಆ ಪಾತ್ರ ಮಾಡಿದರು.

1998ರ ‘ಓವರ್‌ಸಿಯರ್’ ಕುತೂಹಲದ ತುದಿಯಲ್ಲೇ ನಿಂತಿತು. ಮರುವರ್ಷ ಕಂಪನಿ ಮೈಕ್ರೋಸಾಫ್ಟ್ ಪಾಲಾಯಿತು. ಟೆಕ್ಸ್ ಏನಾದ? ಆಡಿದವರು ಮರೆಯಲಿಲ್ಲ. 2012ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಅವರೇ ದುಡ್ಡು ಹಾಕಿದರು. 2014ರಲ್ಲಿ ‘ಟೆಸ್ಲಾ ಎಫೆಕ್ಟ್’ ಬಂತು. ಅದೇ ಜೋನ್ಸ್, ವಯಸ್ಸಾದ ಮುಖ.

ಮಾಲೀಕರು ಬದಲಾಗಿ ಅರ್ಧಕ್ಕೆ ನಿಂತ ಸರಣಿ ವರದಿಗಳು ನಮ್ಮ ಬಳಿಯೂ ಇವೆ. ‘ಮುಂದೇನಾಯ್ತು?’ ಎಂದು ಓದುಗರು ಕೇಳುತ್ತಲೇ ಇದ್ದರೆ ಅವೂ ಮುಗಿದಾವು.