ಕ್ಯಾಲೊರಿಯಿಂದ ಜೂಲ್‌ವರೆಗೆ

ಒಂದು ಕ್ಯಾಲೊರಿ ಎಂದರೆ ಸುಮಾರು 4.18 ಜೂಲ್. ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಈ ಸಾಲಿನ ಹಿಂದೆ ದೊಡ್ಡ ಚರಿತ್ರೆಯೇ ಇದೆ.

18ನೇ ಶತಮಾನದಲ್ಲಿ ಶಾಖವನ್ನು ತೂಕವಿಲ್ಲದ ಒಂದು ದ್ರವವೆಂದು ಅನೇಕ ವಿಜ್ಞಾನಿಗಳು ನಂಬಿದ್ದರು. ಫ್ರಾನ್ಸಿನ ಲವಾಸಿಯೆ 1789ರಲ್ಲಿ ಅದನ್ನು 'ಕ್ಯಾಲೊರಿಕ್' ಎಂಬ ಹೆಸರಿನಿಂದ ಮೂಲವಸ್ತುಗಳ ಪಟ್ಟಿಗೇ ಸೇರಿಸಿದನು. 1820ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ನಿಕೊಲಾ ಕ್ಲೆಮಾಂ ಎಂಬ ಅಧ್ಯಾಪಕನು, ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸುವ ಶಾಖಕ್ಕೆ 'ಕ್ಯಾಲೊರಿ' ಎಂದು ಕರೆದನು. ಒಂದು ಗ್ರಾಂ ನೀರಿನ ಲೆಕ್ಕದ ಚಿಕ್ಕ ಕ್ಯಾಲೊರಿ ಆಮೇಲೆ ಬಂದಿತು.

ಆದರೆ ಶಾಖವು ದ್ರವವಾಗಿದ್ದರೆ ಅದು ಎಂದಾದರೂ ಮುಗಿಯಬೇಕಲ್ಲವೇ? 1798ರಲ್ಲಿ ರಮ್‌ಫೋರ್ಡ್, ಮ್ಯೂನಿಕ್‌ನಲ್ಲಿ ಫಿರಂಗಿಯ ನಳಿಗೆ ಕೊರೆಯುವಾಗ ಉಜ್ಜಿದಷ್ಟೂ ಶಾಖ ಹುಟ್ಟುವುದನ್ನು ವರದಿ ಮಾಡಿದನು. ಶಾಖ ಮತ್ತು ಕೆಲಸದ ಸಂಬಂಧವನ್ನು ನಿಖರವಾಗಿ ಅಳೆದವನು ಇಂಗ್ಲೆಂಡಿನ ಜೇಮ್ಸ್ ಜೂಲ್. ಮದ್ಯ ತಯಾರಕನ ಮಗನಾದ ಇವನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಕೆಳಗಿಳಿಯುವ ತೂಕದಿಂದ ನೀರಿನೊಳಗಿನ ರೆಕ್ಕೆಚಕ್ರವನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದನು. 1847ರ ಆಕ್ಸ್‌ಫರ್ಡ್ ಸಭೆಯಲ್ಲಿ ವಿಷಯವನ್ನು ಚುಟುಕಾಗಿ ಮುಗಿಸಲು ಅವನಿಗೆ ಸೂಚಿಸಲಾಯಿತು. ಆದರೂ ಸಭೆಯಲ್ಲಿದ್ದ ಯುವ ವಿಜ್ಞಾನಿ ವಿಲಿಯಂ ಥಾಮ್ಸನ್ ಅದರ ಮಹತ್ವವನ್ನು ಗುರುತಿಸಿದನು. 1850ರಲ್ಲಿ ಜೂಲ್ ಪ್ರಕಟಿಸಿದ ಅಂಕೆ ಹೀಗಿತ್ತು: 772 ಪೌಂಡ್ ತೂಕ ಒಂದು ಅಡಿ ಇಳಿದರೆ, ಒಂದು ಪೌಂಡ್ ನೀರು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗುತ್ತದೆ.

1948ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯು ಶಾಖದ ಮಾನವಾಗಿ ಜೂಲನ್ನೇ ಅಂಗೀಕರಿಸಿತು. ಕ್ಯಾಲೊರಿಕ್ ಸಿದ್ಧಾಂತ ಅಳಿದರೂ ಅದರ ಹೆಸರು ಬಿಸ್ಕತ್ತಿನ ಪೊಟ್ಟಣದ ಮೇಲೆ ಇಂದಿಗೂ ಉಳಿದಿದೆ. ಪದವಿಯಿಲ್ಲದ ಜೂಲ್‌ನ ಹೆಸರಂತೂ ಪ್ರತಿಯೊಂದು ಭೌತಶಾಸ್ತ್ರ ಪುಸ್ತಕದಲ್ಲಿದೆ. ತಾಳ್ಮೆಯಿಂದ ಅಳೆದವನ ಮಾತನ್ನು ಜಗತ್ತು ತಡವಾಗಿಯಾದರೂ ಕೇಳುತ್ತದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.