ಅವತಾರ ಪುರುಷನ ಅವಸಾನ

ಸಂಸ್ಕೃತದ ‘ಅವತಾರ’ ಶಬ್ದ ಇಂದು ಜಗತ್ತಿನಾದ್ಯಂತ ಕಂಪ್ಯೂಟರ್ ಬಳಸುವವರ ಬಾಯಲ್ಲಿದೆ. ಪರದೆಯ ಮೇಲೆ ನಮ್ಮ ಪರವಾಗಿ ಓಡಾಡುವ ಬೊಂಬೆಗೆ ಆ ಹೆಸರು. ಈ ಶಬ್ದವನ್ನು ಆಟಗಳ ಲೋಕಕ್ಕೆ ಕರೆತಂದ ಮೊದಲಿಗರಲ್ಲಿ 1985ರಲ್ಲಿ ಅಮೆರಿಕದಲ್ಲಿ ಬಂದ ‘ಅಲ್ಟಿಮಾ 4: ಕ್ವೆಸ್ಟ್ ಆಫ್ ದಿ ಅವತಾರ್’ ಒಂದು. ಅಲ್ಲಿ ಅವತಾರವೆಂದರೆ ಬೊಂಬೆಯಲ್ಲ. ಎಂಟು ಸದ್ಗುಣಗಳನ್ನು ಬಾಳಿ ತೋರಿಸಿದವನು ಗಳಿಸುವ ಪದವಿ. ಹದಿನಾಲ್ಕು ವರ್ಷಗಳ ನಂತರ ಇದೇ ಮಾಲಿಕೆಯ ಒಂಬತ್ತನೆಯ ಆಟದಲ್ಲಿ ಆ ಅವತಾರ ಪುರುಷ, ‘ಪಾಲಡಿನ್’ ಎಂದರೇನು ಎಂದು ಕೇಳುತ್ತಾನೆ. ಪಾಲಡಿನ್ ಎಂದರೆ ಧರ್ಮವೀರ. ಆ ಲೋಕದಲ್ಲಿ ಹಿಂದಿನಿಂದಲೂ ಇದ್ದವನು. ಹುಟ್ಟೂರಿನ ದಾರಿಯನ್ನೇ ಮರೆತಂತಿದ್ದ ಈ ನಾಯಕನನ್ನು ಕಂಡು ಹಳೆಯ ಅಭಿಮಾನಿಗಳು ನಗಬೇಕೋ ಅಳಬೇಕೋ ತಿಳಿಯದಾದರು. ಇಷ್ಟು ದೊಡ್ಡ ಮಾಲಿಕೆ ಹೀಗೇಕಾಯಿತು?

‘ರೋಲ್ ಪ್ಲೇಯಿಂಗ್’ ಆಟಗಳೆಂದರೆ ಆಟಗಾರ ಒಂದು ಪಾತ್ರ ವಹಿಸಿ, ಕಲ್ಪಿತ ಲೋಕವೊಂದರಲ್ಲಿ ಅಲೆದು, ಅನುಭವ ಗಳಿಸುತ್ತಾ ಬೆಳೆಯುವ ಆಟಗಳು. ಟೆಕ್ಸಾಸ್‌ನ ರಿಚರ್ಡ್ ಗ್ಯಾರಿಯಟ್ ಹದಿಹರೆಯದಲ್ಲೇ ಇಂಥ ಆಟವೊಂದನ್ನು ಆಪಲ್ ಕಂಪ್ಯೂಟರಿನಲ್ಲಿ ಬರೆದು, ತಾವು ಕೆಲಸಕ್ಕಿದ್ದ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮಾರಿದರು. 1981ರಲ್ಲಿ ಮೊದಲ ‘ಅಲ್ಟಿಮಾ’ ಬಂತು. 1983ರಲ್ಲಿ ತಂದೆ ಓವೆನ್, ಅಣ್ಣ ರಾಬರ್ಟ್ ಮತ್ತು ಗೆಳೆಯನೊಬ್ಬನೊಂದಿಗೆ ‘ಒರಿಜಿನ್’ ಸಂಸ್ಥೆ ಕಟ್ಟಿದರು. ಓವೆನ್ ಗ್ಯಾರಿಯಟ್ 1973ರಲ್ಲಿ ಸ್ಕೈಲ್ಯಾಬ್‌ನಲ್ಲಿ ಇದ್ದು ಬಂದ ಗಗನಯಾತ್ರಿ.

ಸ್ವಂತ ಸಂಸ್ಥೆಯಾದ ಮೇಲೆ ಆಟಗಾರರ ಪತ್ರಗಳು ನೇರವಾಗಿ ಗ್ಯಾರಿಯಟ್ ಅವರ ಕೈಸೇರತೊಡಗಿದವು. ಅವುಗಳಲ್ಲಿ ತಿಳಿದುಬಂದ ಸಂಗತಿ ಅವರನ್ನು ಯೋಚನೆಗೆ ಹಚ್ಚಿತು. ರಾಕ್ಷಸನನ್ನು ಕೊಂದು ನಾಡನ್ನು ಉಳಿಸಬೇಕಾದ ವೀರರು ದಾರಿಯುದ್ದಕ್ಕೂ ಅಂಗಡಿಗಳನ್ನು ದೋಚಿ, ಊರಿನವರನ್ನೇ ಕೊಂದು ಮುಂದೆ ಸಾಗಿದ್ದರು. ಗೆಲ್ಲಲು ಅದೇ ಸುಲಭದ ದಾರಿಯಾಗಿತ್ತು.

ಈ ಯೋಚನೆಯ ಫಲವೇ ನಾಲ್ಕನೆಯ ಆಟ. ಅದರಲ್ಲಿ ಕೊನೆಗೆ ಕೊಲ್ಲಬೇಕಾದ ದುಷ್ಟನೇ ಇಲ್ಲ. ಸತ್ಯ, ಪ್ರೀತಿ, ಧೈರ್ಯ ಎಂಬ ಮೂರು ತತ್ತ್ವಗಳಿಂದ ಹುಟ್ಟಿದ ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮಿಕತೆ ಮತ್ತು ವಿನಯಗಳನ್ನು ರೂಢಿಸಿಕೊಳ್ಳುವುದೇ ಗುರಿ. ಗಿಡಮೂಲಿಕೆ ಮಾರುವವಳು ಕುರುಡಿ. ಎಷ್ಟು ಹಣ ಕೊಡಬೇಕೆಂಬುದು ಗಿರಾಕಿಯ ಕೈಯಲ್ಲಿದೆ. ಕಡಿಮೆ ಕೊಟ್ಟರೆ ಯಾರೂ ತಡೆಯುವುದಿಲ್ಲ. ಆದರೆ ಆಟದ ಲೆಕ್ಕದಲ್ಲಿ ಆ ಮೋಸ ಮೌನವಾಗಿ ದಾಖಲಾಗುತ್ತದೆ, ಮುಂದೆ ದಾರಿಗೆ ಅಡ್ಡ ಬರುತ್ತದೆ. ಉಪದೇಶವಿಲ್ಲದೆ ನಡತೆಯನ್ನು ಪರೀಕ್ಷಿಸಿದ್ದೇ ಇದರ ಹೆಚ್ಚುಗಾರಿಕೆ.

ಮುಂದಿನ ಆಟಗಳು ಇದೇ ಪ್ರಶ್ನೆಯನ್ನು ತಿರುಗಿಸಿ ನೋಡಿದವು. 1988ರ ಐದನೆಯ ಆಟದಲ್ಲಿ ದೊರೆ ಕಾಣೆಯಾಗಿ, ಅಧಿಕಾರ ಹಿಡಿದವನು ಸದ್ಗುಣಗಳನ್ನೇ ಕಾನೂನು ಮಾಡುತ್ತಾನೆ. ಸುಳ್ಳಾಡಿದವನಿಗೆ ನಾಲಿಗೆ ಕತ್ತರಿಸುವ ಶಿಕ್ಷೆ. ಬಲವಂತದ ಧರ್ಮ ಧರ್ಮವೇ ಎಂಬುದು ಅಲ್ಲಿನ ಪ್ರಶ್ನೆ. 1990ರ ಆರನೆಯದರಲ್ಲಿ ರಾಕ್ಷಸರೆಂದು ತಿಳಿದವರಿಗೂ ತಮ್ಮದೇ ನೀತಿಯಿದೆ, ಅವರ ಪಾಲಿಗೆ ಆಟಗಾರನೇ ದುಷ್ಟ. 1992ರ ಏಳನೆಯದರಲ್ಲಿ ಸಿಹಿಮಾತಿನ ಪಂಥವೊಂದು ನಾಡನ್ನು ಆವರಿಸುತ್ತದೆ. ಬ್ರಿಟಾನಿಯಾ ಎಂದರೆ ಇಲ್ಲಿನವರಿಗೆ ಬಿಸ್ಕತ್ತು ನೆನಪಾದೀತು; ಆಟದಲ್ಲಿ ಅದು ಆ ನಾಡಿನ ಹೆಸರು. ಅಲ್ಲಿ ಹಿಟ್ಟು ಕಲಸಿ ಒಲೆಯಲ್ಲಿಟ್ಟು ರೊಟ್ಟಿ ಸುಡಬಹುದಿತ್ತು. ಊರಿನವರು ಹೊತ್ತಿಗೆ ಸರಿಯಾಗಿ ದುಡಿದು, ಉಂಡು, ಮಲಗುತ್ತಿದ್ದರು. ಮಾಲಿಕೆಯ ಶಿಖರ ಇದೇ ಎನ್ನುವವರು ಬಹಳ.

ಅದೇ 1992ರಲ್ಲಿ ‘ಎಲೆಕ್ಟ್ರಾನಿಕ್ ಆರ್ಟ್ಸ್’ ಎಂಬ ದೊಡ್ಡ ಸಂಸ್ಥೆ ಒರಿಜಿನ್ನನ್ನು ಕೊಂಡುಕೊಂಡಿತು. ಅವಸಾನದ ಕಥೆಯನ್ನು ಹೆಚ್ಚಿನವರು ಇಲ್ಲಿಂದಲೇ ಹೇಳುತ್ತಾರೆ: ವ್ಯಾಪಾರಿ ಬಂದ, ಕಲೆ ಸತ್ತಿತು ಎಂದು. ಈ ಮಾತಿನಲ್ಲಿ ಸತ್ಯಾಂಶವಿದೆ. 1994ರ ಎಂಟನೆಯ ಆಟ ‘ಪೇಗನ್’ ಪೂರ್ತಿ ಬೇಯುವ ಮೊದಲೇ ಒಲೆಯಿಂದ ಇಳಿಯಿತು. ಹಳೆಯ ಸಂಗಾತಿಗಳಿಲ್ಲ, ಬ್ರಿಟಾನಿಯಾ ಇಲ್ಲ. ಅವತಾರ ಪುರುಷ ಒಂಟಿಯಾಗಿ ಪರಲೋಕವೊಂದರಲ್ಲಿ ಬಂಡೆಯಿಂದ ಬಂಡೆಗೆ ಹಾರುತ್ತಿದ್ದ. ಆ ಹಾರಾಟ ಎಷ್ಟು ಕಷ್ಟವಾಗಿತ್ತೆಂದರೆ ಬಿಡುಗಡೆಯ ನಂತರ ಅದನ್ನು ತಿದ್ದಿ ಕೊಡಬೇಕಾಯಿತು. ಆಟ ಸಿದ್ಧವಾಗುವ ಮುನ್ನ ಬಿಡುಗಡೆಗೆ ಒಪ್ಪಿದ್ದು ತಪ್ಪೆಂದು ಗ್ಯಾರಿಯಟ್ ಅವರೇ ಮುಂದೆ ಒಪ್ಪಿಕೊಂಡರು.

ಆದರೆ ಗಡುವಿನ ಮೇಲೆಯೇ ಎಲ್ಲ ಹೊರೆಯನ್ನು ಹೊರಿಸಿದರೆ ಲೆಕ್ಕ ಸರಿಹೋಗುವುದಿಲ್ಲ. ಒಂಬತ್ತನೆಯ ಆಟಕ್ಕೆ ಐದು ವರ್ಷಗಳೇ ಹಿಡಿದವು. ಅದೂ ಏಕೆ ಎಡವಿತು?

ಒಂದು ಕಾರಣ ಒರಿಜಿನ್ ತಾನೇ ಬೆಳೆಸಿಕೊಂಡ ಅಭ್ಯಾಸ. ಪ್ರತಿ ಆಟಕ್ಕೂ ಹೊಸ ತಂತ್ರಾಂಶವನ್ನು ಬುಡದಿಂದ ಕಟ್ಟುವುದು ಅಲ್ಲಿನ ಹೆಮ್ಮೆಯ ರೂಢಿ. ಒಬ್ಬಿಬ್ಬರು ಕೂತು ಆಟ ಬರೆಯುತ್ತಿದ್ದ ಕಾಲಕ್ಕೆ ಅದು ಸರಿಯಿತ್ತು. ಮೂರು ಆಯಾಮದ ಚಿತ್ರಗಳ ಕಾಲ ಬಂದಾಗ ಅದೇ ರೂಢಿ ಉರುಳಾಯಿತು. ಒಂಬತ್ತನೆಯದನ್ನು ಮತ್ತೆ ಮತ್ತೆ ಕೆಡವಿ ಕಟ್ಟಿದರು, ಕಥೆಯನ್ನೂ ಬದಲಿಸಿದರು.

ಇನ್ನೊಂದು ಕಾರಣ, ವಿಚಿತ್ರವೆನಿಸಿದರೂ, ಒರಿಜಿನ್‌ನ ಗೆಲುವು. 1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ನಲ್ಲಿ ಸಾವಿರಾರು ಜನ ಒಂದೇ ಬ್ರಿಟಾನಿಯಾದಲ್ಲಿ ಒಟ್ಟಿಗೆ ಆಡಬಹುದಿತ್ತು. ತಿಂಗಳ ಚಂದಾ ಕಟ್ಟುವವರ ಸಂಖ್ಯೆ ಕೆಲವೇ ತಿಂಗಳಲ್ಲಿ 1,00,000 ಮುಟ್ಟಿತು. ಸಂಸ್ಥೆಯ ಜನ, ಗಮನ ಎರಡೂ ಅತ್ತ ಹರಿದವು. ಒಂಬತ್ತನೆಯ ಆಟ ಮೂಲೆಗೆ ಬಿತ್ತು. ಇಲ್ಲೊಂದು ವ್ಯಂಗ್ಯವೂ ಇದೆ. ಆಟದ ದೊರೆ ‘ಲಾರ್ಡ್ ಬ್ರಿಟಿಷ್’ ವೇಷದಲ್ಲಿ ಗ್ಯಾರಿಯಟ್ ಅವರೇ ಪ್ರಜೆಗಳಿಗೆ ದರ್ಶನ ಕೊಡಲು ಹೋದಾಗ, 1997ರ ಆಗಸ್ಟ್‌ನ ಪರೀಕ್ಷಾ ಹಂತದಲ್ಲಿ, ಆಟಗಾರನೊಬ್ಬ ಮಂತ್ರದ ಬೆಂಕಿಯಿಂದ ದೊರೆಯನ್ನು ಕೊಂದುಹಾಕಿದ! ಹಿಂದೆ ಪತ್ರಗಳಲ್ಲಿ ಕಂಡಿದ್ದ ವೀರರು ಈಗ ಗುಂಪುಗುಂಪಾಗಿ ಬಂದಿದ್ದರು.

1999ರ ನವೆಂಬರಿನಲ್ಲಿ ಬಂದ ‘ಅಲ್ಟಿಮಾ 9: ಅಸೆನ್ಶನ್’ ದೋಷಗಳಿಂದ ತುಂಬಿತ್ತು, ಅಂದಿನ ಒಳ್ಳೆಯ ಕಂಪ್ಯೂಟರುಗಳಲ್ಲೂ ತೆವಳುತ್ತಿತ್ತು. ತಾಂತ್ರಿಕ ದೋಷಗಳನ್ನು ತಿದ್ದಬಹುದು. ತಿದ್ದಲಾಗದ್ದು ಬೇರೆಯೇ ಇತ್ತು. ಎಂಟು ಸದ್ಗುಣಗಳು ಇಲ್ಲೂ ಇದ್ದವು. ಆದರೆ ಅವು ಆಟಗಾರನ ನಡತೆಯಲ್ಲಿ ಇರಲಿಲ್ಲ, ಗುಹೆಯ ಆಳದಿಂದ ಹುಡುಕಿ ತಂದು ಗುಡಿಯನ್ನು ಶುದ್ಧಿಮಾಡುವ ಸಾಮಗ್ರಿಗಳಾಗಿದ್ದವು. ಕುರುಡಿಯ ಮುಂದೆ ನಿಂತು ಎಷ್ಟು ಕೊಡಲಿ ಎಂದು ಯೋಚಿಸುವ ಆ ಗಳಿಗೆ ಕಾಣೆಯಾಗಿತ್ತು.

ಕಾಲ ಬದಲಾಯಿತು, ಇಂಥ ಆಟಗಳು ಜನರಿಗೆ ಬೇಡವಾದವು ಎನ್ನುವಂತೆಯೂ ಇಲ್ಲ. 1997ರ ‘ಫಾಲ್‌ಔಟ್’, 1998ರ ‘ಬಾಲ್ಡರ್ಸ್ ಗೇಟ್’ ಅದೇ ಕಾಲದಲ್ಲಿ ಅಪಾರ ಮೆಚ್ಚುಗೆ ಪಡೆದವು. ಆಟಗಾರನ ಆಯ್ಕೆಗೆ ಬೆಲೆ ಕೊಡುವ ಕಲೆ ಸತ್ತಿರಲಿಲ್ಲ, ಮನೆ ಬದಲಿಸಿತ್ತು.

ಗ್ಯಾರಿಯಟ್ 2000ದಲ್ಲಿ ಒರಿಜಿನ್ ತೊರೆದರು. 2004ರಲ್ಲಿ ಸಂಸ್ಥೆ ಮುಚ್ಚಿತು. 2008ರಲ್ಲಿ ಅವರು ಹಣ ತೆತ್ತು, ತಂದೆಯಂತೆ ಬಾಹ್ಯಾಕಾಶಕ್ಕೂ ಹೋಗಿ ಬಂದರು. ಒಂಬತ್ತರ ನಂತರ ಹತ್ತನೆಯ ‘ಅಲ್ಟಿಮಾ’ ಬರಲಿಲ್ಲ.

ಕೊಂಡವನ ಅವಸರ, ಕಟ್ಟುವವರ ಹಟ, ಹೊಸ ಗೆಲುವಿನ ಸೆಳೆತ ಮೂರೂ ಸೇರಿ ಮಾಲಿಕೆಯನ್ನು ಕೆಡಿಸಿದವು. ಆದರೂ ಹಣ, ಯಂತ್ರ, ಜನ ಯಾವುದೂ ಹೆಚ್ಚಿಲ್ಲದ 1985ರಲ್ಲಿ ಸಾಧ್ಯವಾದದ್ದು ಎಲ್ಲವೂ ಇದ್ದ 1999ರಲ್ಲಿ ಆಗಲಿಲ್ಲ. ಮೊದಲಿನದಕ್ಕೆ ಕೇಳಲು ಒಂದು ಪ್ರಶ್ನೆಯಿತ್ತು. ಕೊನೆಯದಕ್ಕೆ ಮುಗಿಸಲು ಒಂದು ಕಥೆ ಮಾತ್ರ ಉಳಿದಿತ್ತು. ಕನ್ನಡದಲ್ಲಿ ‘ಅವತಾರ’ ಎಂಬ ಮಾತಿಗೆ ಎರಡು ಅರ್ಥ: ಒಂದು ದೇವರು ಇಳಿದು ಬರುವುದು, ಇನ್ನೊಂದು, ಯಾರಾದರೂ ವೇಷ ಕೆಡಿಸಿಕೊಂಡು ಬಂದಾಗ ‘ಇದೇನು ನಿನ್ನ ಅವತಾರ’ ಎಂದು ಕೇಳುವುದು. ಅಲ್ಟಿಮಾದ ನಾಯಕ ಮೊದಲ ಅರ್ಥದಲ್ಲಿ ಹೊರಟು ಎರಡನೆಯದಕ್ಕೆ ಬಂದು ನಿಂತ.