ಬೂದಿಕೋಟೆಯ ಹೊಗೆ, ಟೆಕ್ಸಾಸಿನ ಪಿಸ್ತೂಲು

ಬಹಳ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ :-) ಹೋದ ಭಾನುವಾರ ಊರಿಂದ ಅಕ್ಕ ಫೋನ್ ಮಾಡಿ ಬೈದಿದ್ದೇ ಈ ಬರಹಕ್ಕೆ ಕಾರಣ.

ನಮ್ಮೂರು ಕೋಲಾರ ತಾಲ್ಲೂಕಿನ ಕ್ಯಾಲನೂರು. ಅಕ್ಕನ ಮಗ ಟೆಕ್ಸಾಸಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಲ್ಲಿ ಶನಿವಾರ ಭಾನುವಾರ ಪಿಸ್ತೂಲು ಸ್ಪರ್ಧೆಗೆ ಹೋಗ್ತಾನೆ. ಎರಡು ವರ್ಷದಿಂದ ಸಾಧಾರಣ 9 ಎಂಎಂ ಪಿಸ್ತೂಲಿನಲ್ಲಿ ಆಡ್ತಿದ್ದವನಿಗೆ ಈಗ ಓಪನ್ ವಿಭಾಗಕ್ಕೆ ಹೋಗುವ ಆಸೆ. ಅದಕ್ಕೆ ಬೇಕಾದ ಕಾಂಪೆನ್ಸೇಟರ್ ಇರುವ ಪಿಸ್ತೂಲಿಗೆ ಐದು ಸಾವಿರ ಡಾಲರ್. ಇತ್ತ ಊರಲ್ಲಿ ಟೊಮೆಟೊ ತೋಟದ ಬೋರ್‌ವೆಲ್ ಬತ್ತಿದೆ. ನಮ್ಮ ಕಡೆ ಸಾವಿರ ಅಡಿ ದಾಟಿದರೂ ನೀರು ಬರುವ ಭರವಸೆ ಇಲ್ಲ ಅನ್ನೋದು ನಿಮಗೂ ಗೊತ್ತು. ಇನ್ನೊಂದು ಬೋರ್ ಕೊರೆಸೋಕೆ ಅವನು ಕಳಿಸ್ತೀನಿ ಅಂದಿದ್ದ ದುಡ್ಡೂ ಹೆಚ್ಚುಕಮ್ಮಿ ಅಷ್ಟೇ!

"ನೀನೂ ಅಲ್ಲಿದ್ದಾಗ ಇದೇ ಹುಚ್ಚು ಆಡ್ದೋನು. ನಿನ್ ಮಾತಾದ್ರೆ ಕೇಳ್ತಾನೆ, ನೀನೇ ಹೇಳು" ಅಂದಳು ಅಕ್ಕ. ಅವನಿಗೆ ಫೋನ್ ಮಾಡಿದರೆ, "ಮಾಮ, ಯಾವುದು ತಗೊಳ್ಳಲಿ ಹೇಳು, ತಗೊಳ್ಳಲಾ ಬೇಡವಾ ಅಂತ ಮಾತ್ರ ಹೇಳ್ಬೇಡ" ಅಂದ! ಯಾವುದು ಅನ್ನೋದಕ್ಕೆ ಮೊದಲು ಆ ಪಿಸ್ತೂಲು ಹಾಗೆ ಯಾಕಾಯ್ತು ಅನ್ನೋದನ್ನ ಅವನಿಗೆ ಹೇಳೋಣ ಅನ್ನಿಸಿತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಆಟದ ಬಗ್ಗೆ ಎರಡು ಮಾತು. ಒಲಿಂಪಿಕ್ಸಿನಲ್ಲಿ ನೋಡುವ ಶೂಟಿಂಗ್ ಇದಲ್ಲ. ಅಲ್ಲಿ ನಿಂತ ಜಾಗದಲ್ಲೇ ನಿಂತು, ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು ಹೊಡೀತಾರೆ. ಇಲ್ಲಿ ಟೈಮರ್ ಬೀಪ್ ಅಂದ ತಕ್ಷಣ ಸೊಂಟದಿಂದ ಪಿಸ್ತೂಲು ತೆಗೆದು, ಓಡ್ತಾ, ಗೋಡೆ ಮರೆಯಿಂದ ಇಣುಕ್ತಾ, ಹತ್ತಾರು ರಟ್ಟಿನ ಗುರಿಗಳಿಗೆ ಹೊಡೀಬೇಕು. ಬಂದ ಅಂಕವನ್ನು ತಗೊಂಡ ಸೆಕೆಂಡುಗಳಿಂದ ಭಾಗಿಸ್ತಾರೆ. 20 ಸೆಕೆಂಡಿನಲ್ಲಿ 100 ಅಂಕ ತೆಗೆದರೆ 5. ಅವಸರದಲ್ಲಿ ಐದು ಅಂಕ ಕಳಕೊಂಡರೂ 16 ಸೆಕೆಂಡಿನಲ್ಲಿ ಮುಗಿಸಿದವನಿಗೆ 5.94. ಅಂದರೆ ಗುರಿ ಎಷ್ಟು ಮುಖ್ಯವೋ ವೇಗವೂ ಅಷ್ಟೇ ಮುಖ್ಯ.

ವೇಗಕ್ಕೆ ಅಡ್ಡ ಬರೋದು ಪಿಸ್ತೂಲಿನ ಒದೆತ. ನಳಿಗೆ ನಮ್ಮ ಮುಷ್ಟಿಗಿಂತ ಮೇಲಿರೋದರಿಂದ ಪ್ರತಿ ಗುಂಡಿಗೂ ಅದರ ಮೂತಿ ಮೇಲಕ್ಕೆ ಹಾರುತ್ತೆ. ಅದು ಮತ್ತೆ ಗುರಿಗೆ ಇಳಿಯುವವರೆಗೆ ಕಾಯಬೇಕು. ಕಾಂಪೆನ್ಸೇಟರ್ ಅಂದರೆ ನಳಿಗೆಯ ತುದಿಗೆ ಸೇರಿಸಿದ ಒಂದು ಗೂಡು, ಮೇಲ್ಗಡೆ ತೂತುಗಳು. ಗುಂಡು ನೇರ ಹೊರಟು ಹೋಗುತ್ತೆ. ಅದರ ಹಿಂದೆ ನುಗ್ಗುವ ಬಿಸಿ ಅನಿಲ ಆ ತೂತುಗಳಿಂದ ಮೇಲಕ್ಕೆ ಚಿಮ್ಮುತ್ತೆ, ನಳಿಗೆಯ ಮೂತಿಯನ್ನು ಕೆಳಕ್ಕೆ ಒತ್ತುತ್ತೆ. ಗೂಡಿನ ಒಳಗೋಡೆಗೆ ಬಡಿದ ಅನಿಲ ಪಿಸ್ತೂಲನ್ನು ಒಂದಿಷ್ಟು ಮುಂದಕ್ಕೂ ಎಳೆಯುತ್ತೆ. ನ್ಯೂಟನ್ನನ ಮೂರನೇ ನಿಯಮ, ಇನ್ನೇನಿಲ್ಲ. ಪಿಸ್ತೂಲಿನ ತುದಿಗೆ ಒಂದು ಪುಟ್ಟ ರಾಕೆಟ್ಟು ಕಟ್ಟಿದ ಹಾಗೆ.

ರಾಕೆಟ್ಟು ಅಂದ ಮೇಲೆ ಕೋಲಾರದವನು ಸುಮ್ಮನೆ ಮುಂದೆ ಹೋಗೋಕಾಗಲ್ಲ! ಹೈದರಾಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ, 1720ರ ಆಸುಪಾಸಿನಲ್ಲಿ. ಅವನ ಅಪ್ಪ ಫತೇ ಮಹಮ್ಮದ್ ಆರ್ಕಾಟಿನ ನವಾಬನ ಸೈನ್ಯದಲ್ಲಿ ರಾಕೆಟ್ಟು ಹಾರಿಸುವ ಐವತ್ತು ಜನರ ತುಕಡಿಗೆ ಮುಖ್ಯಸ್ಥನಾಗಿದ್ದ ಎನ್ನುತ್ತಾರೆ. ಆತನ ಗೋರಿ ಕೋಲಾರ ಪಟ್ಟಣದ ಮಕ್ಬರಾದಲ್ಲಿದೆ. ಬಸ್ಸಿನಲ್ಲಿ ಓಡಾಡುವಾಗ ಎಷ್ಟು ಜನ ಅದರ ಕಡೆ ನೋಡ್ತೀವಿ ಹೇಳಿ?

ರಾಕೆಟ್ಟು ಮೈಸೂರಿನವರು ಕಂಡುಹಿಡಿದದ್ದಲ್ಲ, ಅದು ಹಳೇ ವಸ್ತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಆದ ದೊಡ್ಡ ಬದಲಾವಣೆ ಕಬ್ಬಿಣದ ಕೊಳವೆ. ಕಾಗದದ ಕೊಳವೆಗಿಂತ ಅದು ಹೆಚ್ಚು ಒತ್ತಡ ತಡೆಯುತ್ತೆ. ಒತ್ತಡ ಹೆಚ್ಚಿದಷ್ಟೂ ಹಿಂದಕ್ಕೆ ಚಿಮ್ಮುವ ಅನಿಲಕ್ಕೆ ರಭಸ ಜಾಸ್ತಿ, ರಾಕೆಟ್ಟು ಅಷ್ಟು ದೂರ ಹೋಗುತ್ತೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಮದ್ದಿನ ಗಾಡಿಗಳು ಸ್ಫೋಟಗೊಂಡು ಕಂಪನಿ ಸೈನ್ಯ ಸೋತಿತು. ಆ ಗಾಡಿಗಳಿಗೆ ಬೆಂಕಿ ತಗುಲಿಸಿದ್ದು ಮೈಸೂರಿನ ರಾಕೆಟ್ಟು ಎಂದು ಹಲವು ಇತಿಹಾಸಕಾರರು ಬರೆದಿದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಆ ಯುದ್ಧದ ಚಿತ್ರ ಈಗಲೂ ಇದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಸಿಕ್ಕ ರಾಕೆಟ್ಟುಗಳಲ್ಲಿ ಕೆಲವು ಇಂಗ್ಲೆಂಡಿಗೆ ಹೋದವು. ಕೆಲವೇ ವರ್ಷಗಳಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟು ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಒಂದು ಹಾಳು ಬಾವಿಯಲ್ಲಿ ಸಾವಿರದಷ್ಟು ರಾಕೆಟ್ಟಿನ ಕೊಳವೆಗಳು ಸಿಕ್ಕ ಸುದ್ದಿ ನೀವೂ ಓದಿರ್ತೀರಿ.

ಹಾಗಂತ ಕಾಂಪೆನ್ಸೇಟರನ್ನು ಹೈದರಾಲಿ ಕಂಡುಹಿಡಿದ ಅಂತ ಹೇಳ್ತಿಲ್ಲ, ಗಾಬರಿಯಾಗಬೇಡಿ :-) ನಾನು ಹೇಳ್ತಿರೋದು ಇಷ್ಟೇ. ಮದ್ದು ಉರಿದಾಗ ಬರುವ ಅನಿಲ ಸುಮ್ಮನೆ ಮಾಯವಾಗಲ್ಲ, ಎಲ್ಲಾದರೂ ಏನನ್ನಾದರೂ ತಳ್ಳಿಯೇ ತಳ್ಳುತ್ತೆ. ಯಾವ ಕಡೆ ತಳ್ಳಬೇಕು ಅನ್ನೋದು ಮಾತ್ರ ನಮ್ಮ ಕೈಲಿದೆ. ಬಂದೂಕಿನವರು ಇದನ್ನು ಕೆಲಸಕ್ಕೆ ಹಚ್ಚಿದ್ದು ಬಹಳ ತಡವಾಗಿ. ಅಮೆರಿಕದ ಮೆರೀನ್ ಅಧಿಕಾರಿ ರಿಚರ್ಡ್ ಕಟ್ಸ್ 1920ರ ದಶಕದಲ್ಲಿ ಮಾಡಿದ ಕಾಂಪೆನ್ಸೇಟರ್ 1928ರ ಮಾದರಿಯ ಥಾಮ್ಸನ್ ಗನ್ನಿನ ತುದಿಯಲ್ಲಿ ಕಾಣುತ್ತೆ. ಹಳೇ ಗ್ಯಾಂಗ್‌ಸ್ಟರ್ ಸಿನಿಮಾಗಳಲ್ಲಿ ದುಂಡು ಡಬ್ಬದ ಗನ್ ನೋಡಿದ್ದೀರಲ್ಲ, ಅದೇ.

ಪಿಸ್ತೂಲಿಗೆ ಇದು ಬಂದದ್ದು ಆಟದ ದಾರಿಯಿಂದ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಅನ್ನುವ ಊರಲ್ಲಿ ಜೆಫ್ ಕೂಪರ್ ಎಂಬ ಮಾಜಿ ಮೆರೀನ್ ಅಧಿಕಾರಿ ಮತ್ತು ಗೆಳೆಯರು ಸೇರಿ ಪಿಸ್ತೂಲು ಪಂದ್ಯ ನಡೆಸತೊಡಗಿದರು. ಸಿನಿಮಾ ಕೌಬಾಯ್ ಥರ ಸೊಂಟದ ಹತ್ತಿರದಿಂದಲೇ ಹೊಡೆಯೋದು ಆಗಿನ ಫ್ಯಾಷನ್. ಲಾಸ್ ಏಂಜಲೀಸ್ ಕೌಂಟಿಯ ಡೆಪ್ಯುಟಿ ಶೆರಿಫ್ ಜ್ಯಾಕ್ ವೀವರ್ ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು, ಕಣ್ಣಿನ ನೇರಕ್ಕೆ ತಂದು ಹೊಡೆದು ಗೆದ್ದ. ನಿಜವಾಗಿ ಯಾವ ವಿಧಾನ ಕೆಲಸಕ್ಕೆ ಬರುತ್ತೆ ಅಂತ ಆಟ ಆಡಿಯೇ ಕಂಡುಕೊಂಡರು. 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು, ಕೂಪರ್ ಅದರ ಮೊದಲ ಅಧ್ಯಕ್ಷ. ಗುರಿ, ಶಕ್ತಿ, ವೇಗ ಇವು ಮೂರೂ ಸಮತೂಕದಲ್ಲಿರಬೇಕು ಅನ್ನೋದು ಅವರ ಧ್ಯೇಯ.

ಶಕ್ತಿಯನ್ನು ಅಳೆಯೋಕೆ ಒಂದು ಲೆಕ್ಕ ಇದೆ. ಗ್ರೇನ್ ಲೆಕ್ಕದಲ್ಲಿ ಗುಂಡಿನ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ಅನ್ನುವ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸೋದು. ಈಗ ಅಮೆರಿಕದ ಓಪನ್ ವಿಭಾಗದಲ್ಲಿ 165 ಬಂದರೆ 'ಮೇಜರ್', ಅಂಚಿಗೆ ಬಿದ್ದ ಗುಂಡಿಗೂ ಹೆಚ್ಚು ಅಂಕ. ಕೂಪರ್‌ಗೆ ಪ್ರಿಯವಾದ .45ರ 230 ಗ್ರೇನ್ ದಪ್ಪ ಗುಂಡು 718 ಅಡಿ ವೇಗದಲ್ಲಿ ಹೋದರೆ 165. ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಕದ 125 ಗ್ರೇನ್ ಗುಂಡು 1,320 ಅಡಿ ವೇಗದಲ್ಲಿ ಹೋದರೂ ಅದೇ 165!

ಇಲ್ಲೇ ಇರೋದು ಮಜಾ. ಹಗುರ ಗುಂಡನ್ನು ಅಷ್ಟು ವೇಗದಲ್ಲಿ ಓಡಿಸೋಕೆ ಮದ್ದು ಜಾಸ್ತಿ ಬೇಕು. ಮದ್ದು ಜಾಸ್ತಿ ಅಂದರೆ ಅನಿಲ ಜಾಸ್ತಿ. ಕಾಂಪೆನ್ಸೇಟರಿಗೆ ಬೇಕಾದ್ದೂ ಅದೇ. 1980ರ ದಶಕದ ಶುರುವಿನಲ್ಲಿ ರಾಬ್ ಲೀಥಮ್, ಬ್ರಯಾನ್ ಈನೋಸ್ ಎಂಬ ಇಬ್ಬರು ಗೆಳೆಯರು 1929ರಷ್ಟು ಹಳೆಯ .38 ಸೂಪರ್ ತೋಟಾವನ್ನು ಹೀಗೆ ಬಳಸಿ, ತುದಿಗೆ ಕಾಂಪೆನ್ಸೇಟರ್ ಹಾಕಿ ಎಲ್ಲರನ್ನೂ ಹಿಂದೆ ಹಾಕಿದರು. 1983ರ ವಿಶ್ವ ಪಂದ್ಯ ಲೀಥಮ್ ಪಾಲಾಯ್ತು. ನಿಯಮ ಕೇಳಿದ 'ಶಕ್ತಿ'ಯೇ ಒದೆತ ತಗ್ಗಿಸುವ ಸಾಧನವಾಗಿಬಿಟ್ಟಿತು. ಕೂಪರ್ ಹೀಗಾಗುತ್ತೆ ಅಂತ ಖಂಡಿತಾ ಎಣಿಸಿರಲಿಲ್ಲ.

ಆಮೇಲೆ ಎಲ್ಲಾ ಒಂದರ ಹಿಂದೆ ಒಂದು. 1990ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಡಗ್ ಕೋನಿಗ್ ಪಿಸ್ತೂಲಿನ ಮೇಲೆ ಕೆಂಪು ಚುಕ್ಕೆ ತೋರಿಸುವ ಸೈಟ್ ಕೂರಿಸಿಕೊಂಡು ವಿಶ್ವ ಪಂದ್ಯ ಗೆದ್ದ. ಎರಡು ಸಾಲಲ್ಲಿ ತೋಟಾ ತುಂಬುವ ಅಗಲ ಮ್ಯಾಗಜೀನು ಬಂತು. ಇವನ್ನು 'ರೇಸ್ ಗನ್' ಅಂತ ಕರೆದರು. ಮಾಮೂಲಿ ಪಿಸ್ತೂಲಿನವರು ಇವರ ಮುಂದೆ ನಿಲ್ಲೋಕಾಗಲ್ಲ ಅಂತಾದಾಗ ಬೇರೆ ಬೇರೆ ವಿಭಾಗ ಮಾಡಬೇಕಾಯ್ತು. ಏನು ಬೇಕಾದರೂ ಕಟ್ಟಿಕೊಂಡು ಬರಬಹುದಾದ ವಿಭಾಗವೇ ಓಪನ್. ಫ್ರಾನ್ಸಿನ ಎರಿಕ್ ಗ್ರಾಫೆಲ್ 1999ರಿಂದ 2014ರವರೆಗೆ ಸತತ ಆರು ಸಲ ಅದರ ವಿಶ್ವ ಚಾಂಪಿಯನ್.

ಕೂಪರ್ ಕೊನೆಕೊನೆಗೆ ಬೇಸರಪಟ್ಟುಕೊಂಡ. ಸೊಂಟಕ್ಕೆ ಕಟ್ಟಿಕೊಂಡು ಓಡಾಡೋಕೂ ಆಗದ ಪಿಸ್ತೂಲಿಗೆ ಇದೆಂಥ ಪ್ರಾಯೋಗಿಕ ಆಟ ಅಂತ. 1996ರಲ್ಲಿ ಮಾಮೂಲಿ ಪಿಸ್ತೂಲಿಗೇ ಮೀಸಲಾದ ಐಡಿಪಿಎ ಎಂಬ ಇನ್ನೊಂದು ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರಲ್ಲೊಬ್ಬನಾದ ಬಿಲ್ ವಿಲ್ಸನ್ ಸ್ವತಃ ಕಾಂಪೆನ್ಸೇಟರ್ ಪಿಸ್ತೂಲು ತಯಾರಿಸಿ ಹೆಸರು ಮಾಡಿದವನು!

ಅಂದಹಾಗೆ, ಈ ಆಟಕ್ಕೆ ನಮ್ಮ ದೇಶದಲ್ಲಿ ಜಾಗ ಕಮ್ಮಿ. ನಮ್ಮಲ್ಲಿ 9 ಎಂಎಂ ಪಿಸ್ತೂಲು ನಿಷೇಧಿತ ಬೋರ್. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ನುರಿತ ಕ್ರೀಡಾಪಟುಗಳಿಗೆ ಮಾತ್ರ ಬೇರೆ ರಿಯಾಯಿತಿ. ಕರ್ನಾಟಕದಲ್ಲಿ ಬಂದೂಕಿನ ಆಟ ಹಬ್ಬದ ಭಾಗವಾಗಿ ಉಳಿದಿರೋದು ಕೊಡಗಿನಲ್ಲಿ. ಕೈಲ್‌ಪೋಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಬೇಕು. ಅಲ್ಲಿ ಕಾಂಪೆನ್ಸೇಟರೂ ಇಲ್ಲ, ಕೆಂಪು ಚುಕ್ಕೆಯೂ ಇಲ್ಲ. ಕಾಯಿ ಒಡೆಯಬೇಕು, ಅಷ್ಟೇ.

ಈಗ ಅಳಿಯನ ಪ್ರಶ್ನೆಗೆ ಬರೋಣ. ಅವನ ಮುಂದಿರೋದು ಎರಡು ದಾರಿ. ಒಂದು .38 ಸೂಪರ್. ಅದರ ತೋಟಾದಲ್ಲಿ ಜಾಗ ಜಾಸ್ತಿ, ಹಾಗಾಗಿ ಹೆಚ್ಚು ಮದ್ದು ಹಿಡಿಯುತ್ತೆ, ಕಾಂಪೆನ್ಸೇಟರ್ ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಹಿತ್ತಾಳೆ ಕೋಶ ದುಬಾರಿ, ಹೊಡೆದ ಮೇಲೆ ಹುಲ್ಲಲ್ಲಿ ಹುಡುಕಿ ಆರಿಸಿಕೊಳ್ಳಬೇಕು. ಇನ್ನೊಂದು '9 ಮೇಜರ್', ಅಂದರೆ ಸಾಧಾರಣ 9 ಎಂಎಂ ತೋಟಾವನ್ನೇ ಬಿಗಿಯಾಗಿ ತುಂಬೋದು. ಕೋಶ ಎಲ್ಲೆಂದರಲ್ಲಿ ಬಿದ್ದಿರುತ್ತೆ, ಅಗ್ಗ. ಆದರೆ ಚಿಕ್ಕ ಕೋಶದಲ್ಲಿ ಒತ್ತಡ ಮಿತಿಯ ಅಂಚಿಗೆ ಬಂದಿರುತ್ತೆ, ತುಂಬುವಾಗ ಎಚ್ಚರ ತಪ್ಪಿದರೆ ಪಿಸ್ತೂಲೂ ಹೋಯ್ತು, ಬೆರಳೂ ಹೋಯ್ತು. ಸಾಧಾರಣ ಕಡಿಮೆ ಮದ್ದಿನ 9 ಎಂಎಂ ಹಾಕಿದರೆ ಅನಿಲ ಸಾಲದೆ ಐದು ಸಾವಿರದ ಕಾಂಪೆನ್ಸೇಟರ್ ಹೆಚ್ಚಾಗಿ ಬರೀ ಭಾರದ ಕೆಲಸ ಮಾಡುತ್ತೆ. ಇದನ್ನ ಅಂಗಡಿಯವರು ಹೇಳಲ್ಲ.

ಇನ್ನೊಂದು ವಿಷಯಾನೂ ಅವರು ಹೇಳಲ್ಲ. ಮೇಲಕ್ಕೂ ಪಕ್ಕಕ್ಕೂ ಹೋದ ಆ ಅನಿಲ ಕೊನೆಗೆ ಎಲ್ಲಿಗೆ ಹೋಗುತ್ತೆ? ಪಕ್ಕದಲ್ಲಿ ನಿಂತವನ ಕಿವಿಗೆ. 2006ರಲ್ಲಿ ನಾನು ಅಲ್ಲಿದ್ದಾಗ ಒಂದು ಪಂದ್ಯದಲ್ಲಿ ಸರದಿ ಮುಗಿಯಿತು ಅಂದುಕೊಂಡು ಕಿವಿಯ ಮುಚ್ಚಳ ತೆಗೆದೆ. ಪಕ್ಕದವನ ಪಿಸ್ತೂಲಿನಲ್ಲಿ ಇನ್ನೂ ಎರಡು ಗುಂಡಿದ್ದವು. ತಪ್ಪು ನನ್ನದೇ. ಅವತ್ತಿಂದ ಬಲಗಿವಿಯಲ್ಲಿ ಜೀರುಂಡೆ ಕೂಗೋದು ನಿಂತಿಲ್ಲ. ರಾತ್ರಿ ಊರೆಲ್ಲ ಮಲಗಿದ ಮೇಲೆ ಜಾಸ್ತಿ. ಅಕ್ಕನಿಗೆ ಇದುವರೆಗೂ ಹೇಳಿಲ್ಲ (ಅವಳು ಇದನ್ನು ಓದಲ್ಲ ಅನ್ನುವ ಧೈರ್ಯ).

ಅದಕ್ಕೇ ಅವನಿಗೆ ಹೀಗೆ ಹೇಳಿದೆ. "ನೋಡಪ್ಪ, ಒದೆತ ಎಲ್ಲೂ ಹೋಗಲ್ಲ. ನಿನ್ನ ಕೈಗೆ ಕಮ್ಮಿ ಆದದ್ದು ಇನ್ನೊಬ್ಬರ ಕಿವಿಗೆ, ಇಲ್ಲಾ ನಿಮ್ಮಪ್ಪನ ತೋಟಕ್ಕೆ ಹೋಗುತ್ತೆ. ಮೊದಲು ನಿನ್ನ ಸ್ನೇಹಿತನ ಓಪನ್ ಪಿಸ್ತೂಲು ಎರಡು ತಿಂಗಳು ಎರವಲು ತಗೊಂಡು ಆಡು. ನಿನ್ನ ಹಳೇ ಪಿಸ್ತೂಲಿನ ಸಮಯ ಒಂದು ಕಡೆ, ಇದರ ಸಮಯ ಇನ್ನೊಂದು ಕಡೆ ಬರೆದಿಡು. ಗುಂಡಿನಿಂದ ಗುಂಡಿಗೆ ಉಳಿಯೋದು ಎಷ್ಟು, ಓಡೋದರಲ್ಲಿ, ಮ್ಯಾಗಜೀನು ಬದಲಿಸೋದರಲ್ಲಿ ಕಳಕೊಳ್ಳೋದು ಎಷ್ಟು ನೋಡು. ಉಳಿಯೋದೇ ಜಾಸ್ತಿ ಅನ್ನಿಸಿದರೆ ತಗೋ, .38 ಸೂಪರ್ರೇ ತಗೋ. ಆದರೆ ಕಿವಿಗೆ ಒಳಗೊಂದು ಬಿರಡೆ, ಮೇಲೊಂದು ಮುಚ್ಚಳ, ಎರಡೂ ಹಾಕ್ಕೋ. ಪಕ್ಕದವರಿಗೂ ಹಾಕಿಸು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಬೋರ್ ಎಷ್ಟು ಅಡಿಗೆ ಪಾಯಿಂಟ್ ಮಾಡಿದ್ದಾರಂತೆ ಮಾಮ?" ಅಂದ. ಹೇಳಿದೆ. ನಕ್ಕು, "ಅದೂ ಗ್ಯಾರಂಟಿ ಇಲ್ವಲ್ಲ" ಅಂದ. ನಿಜಾನೇ, ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಏನು ಮಾಡ್ತಾನೋ ಗೊತ್ತಿಲ್ಲ. ಸ್ನೇಹಿತನ ಪಿಸ್ತೂಲು ಕೇಳ್ತೀನಿ ಅಂದಿದ್ದಾನೆ. ಈ ಸಲ ರಜಕ್ಕೆ ಬಂದಾಗ ಬೂದಿಕೋಟೆಗೆ ಕರ್ಕೊಂಡು ಹೋಗು ಅಂತಲೂ ಅಂದ. ಅಷ್ಟು ಹತ್ತಿರದಲ್ಲಿದ್ದೂ ನಾವಿಬ್ಬರೂ ನೋಡೇ ಇಲ್ಲ ಅನ್ನೋದು ನಾಚಿಕೆಗೇಡು. ನೀವಾಗಿದ್ರೆ ಅವನಿಗೆ ಏನು ಹೇಳ್ತಿದ್ರಿ? ತಿಳಿಸಿ. ಅಕ್ಕ ಮತ್ತೆ ಫೋನ್ ಮಾಡೋಷ್ಟರಲ್ಲಿ ನನಗೆ ಒಂದು ಉತ್ತರ ಬೇಕು :-)